ತೂತು ಬಟ್ಟಲಿನ ಮುಹೂರ್ತ

ನಮ್ಮ ಮನೆಯಲ್ಲಿ ತಳ ತೂತಾದ ಬಟ್ಟಲುಗಳು ಏಳಿವೆ. ನಾಳೆ ನೀವು ಊಟಕ್ಕೆ ಬಂದು, ಸಾರು ಹಾಕಿಸಿಕೊಂಡು, ತೊಡೆ ಸುಟ್ಟ ಮೇಲೆ ವಿಷಯ ಗೊತ್ತಾಗುವುದಕ್ಕಿಂತ ಈಗಲೇ ಒಪ್ಪಿಕೊಂಡುಬಿಡುವುದು ವಾಸಿ. ಏಳಕ್ಕೂ ತೂತು ಕೊರೆದವನು ನಾನೇ. ಬುದ್ಧಿ ಸ್ವಾಧೀನದಲ್ಲಿದ್ದಾಗಲೇ, ಡ್ರಿಲ್ ಹಿಡಿದು, ಅಳತೆ ನೋಡಿಯೇ ಕೊರೆದಿದ್ದೇನೆ.

ಐವತ್ತು ದಾಟಿದ ಗಂಡಸರಿಗೆ ಒಂದೊಂದು ಹುಚ್ಚು ಹತ್ತಿಕೊಳ್ಳುತ್ತದೆ. ನಾವಿರುವ ಟೆಕ್ಸಾಸಿನ ಲಿಟಲ್ ಎಲ್ಮ್ ಎಂಬ ಊರಿನಲ್ಲೇ ನೋಡಿ. ಒಬ್ಬರು ದೋಣಿ ಕೊಂಡು ಗರಾಜಿನಲ್ಲಿಟ್ಟು, ಶನಿವಾರ ಶನಿವಾರ ಒರೆಸಿ, ಒಂದು ಸಲವೂ ನೀರಿಗಿಳಿಸದೆ ಸುಖವಾಗಿದ್ದಾರೆ. ಇನ್ನೊಬ್ಬರು ಮ್ಯಾರಥಾನ್ ಓಡಿ ಬಂದವರು ಈಗ ಮೆಟ್ಟಿಲಿಳಿಯುವಾಗ ಕುಲದೇವರನ್ನೆಲ್ಲ ನೆನೆಯುತ್ತಾರೆ. ನನಗೆ ಹತ್ತಿದ್ದು ಮಧ್ಯಯುಗದ ಹುಚ್ಚು. ಆ ಕಾಲದ ರಾಜರದ್ದಲ್ಲ, ಯುದ್ಧಗಳದ್ದಲ್ಲ. ಆಗ ಜನ ಕೂತಲ್ಲೇ ಕಂಡುಹಿಡಿದ ಸಣ್ಣಪುಟ್ಟ ಸಾಮಾನುಗಳದ್ದು.

ಶಾಲೆಯಲ್ಲಿ ನಮಗೆ ಅದು ಕತ್ತಲೆಯ ಯುಗ ಎಂದು ಕಲಿಸಿದ್ದರು. ಕತ್ತಲೆಯಲ್ಲಿ ಕೂತೇ ಅವರು ಇಷ್ಟೆಲ್ಲ ಮಾಡಿದ್ದರೆ, ಇಷ್ಟೊಂದು ಬೆಳಕಿನಲ್ಲಿ ಕೂತ ನಾವೇನು ಮಾಡುತ್ತಿದ್ದೇವೆ ಎಂದು ನನಗೆ ಆಗಾಗ ನಾಚಿಕೆಯಾಗುತ್ತದೆ. ನನ್ನ ಮೂಗಿನ ಮೇಲಿರುವ ಚಾಳೀಸು ಅವರದು. ತೋಟದ ಕೆಲಸದ ಒಂಟಿಗಾಲಿಯ ತಳ್ಳುಗಾಡಿ ಅವರದು. ನಮ್ಮವರ ಸೊನ್ನೆ ಅರಬರ ಜೊತೆ ಯುರೋಪಿಗೆ ಹೋಗಿ, ಅಲ್ಲಿನ ವ್ಯಾಪಾರಿಗಳನ್ನು ಗಾಬರಿಪಡಿಸಿದ್ದು ಆ ಕಾಲದಲ್ಲೇ. ಅಂಗಿಯ ಗುಂಡಿಯನ್ನೇ ತೆಗೆದುಕೊಳ್ಳಿ. ಗುಂಡಿ ತುಂಬ ಹಳೆಯದು, ಆದರೆ ಬಹುಕಾಲ ಅದು ಬರೀ ಅಲಂಕಾರಕ್ಕೆ ಕೂತಿತ್ತು. ಅದನ್ನು ತೂರಿಸಲು ಬಟ್ಟೆಯಲ್ಲೊಂದು ಕಾಜ ಇರಲಿ ಎಂದು ಯುರೋಪಿನ ದರ್ಜಿಗಳಿಗೆ ಹೊಳೆದದ್ದು ಮಧ್ಯಯುಗದಲ್ಲಿ. ಇವತ್ತು ಫೋನಿನ ಪರದೆಯಲ್ಲಿ ಗುಂಡಿಯ ಬಣ್ಣ ಬದಲಿಸಿದವನೂ ತನ್ನನ್ನು ಇನ್ನೊವೇಟರ್ ಎಂದು ಕರೆದುಕೊಳ್ಳುತ್ತಾನೆ. ಕಾಜ ಕಂಡುಹಿಡಿದ ಪುಣ್ಯಾತ್ಮ ಹೆಸರನ್ನೂ ಹೇಳದೆ, ಅಂಗಿಯನ್ನು ಕತ್ತಿನವರೆಗೆ ಮುಚ್ಚಿಕೊಂಡು ಬೆಚ್ಚಗೆ ಮಲಗಿದ. ಅವನ ಮೇಲೆ ನನಗೆ ಬಹಳ ಪ್ರೀತಿ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಗಡಿಯಾರಗಳು. ಯುರೋಪಿನ ಮೊದಮೊದಲ ಯಂತ್ರದ ಗಡಿಯಾರಗಳಿಗೆ ಮುಖವೂ ಇರಲಿಲ್ಲ, ಮುಳ್ಳೂ ಇರಲಿಲ್ಲ. ಬರೀ ಗಂಟೆ ಬಾರಿಸುತ್ತಿದ್ದವು. ಮಲಗಿದ ಸನ್ಯಾಸಿಗಳನ್ನು ಪ್ರಾರ್ಥನೆಗೆ ಎಬ್ಬಿಸುವುದಷ್ಟೇ ಅವುಗಳ ಕೆಲಸ. ನಿಮಿಷದ ಮುಳ್ಳು ಬರಲು ಇನ್ನೂ ಶತಮಾನಗಳು ಬೇಕಾದವು, ಅಷ್ಟು ಕಾಲ ಯಾರೂ ಐದು ನಿಮಿಷ ತಡವಾಗಿ ಬರಲಿಲ್ಲ. ನಮ್ಮ ದೇಶದಲ್ಲಿ ಆಗ ನಡೆಯುತ್ತಿದ್ದದ್ದು ಗಳಿಗೆ ಬಟ್ಟಲು. ಅಗಲವಾದ ಪಾತ್ರೆಯ ತುಂಬ ನೀರು, ಅದರ ಮೇಲೊಂದು ತೇಲುವ ಬಟ್ಟಲು, ಬಟ್ಟಲಿನ ತಳದಲ್ಲಿ ಸೂಜಿಯಷ್ಟು ತೂತು. ನೀರು ಒಳಗೆ ಏರುತ್ತ ಏರುತ್ತ ಕೊನೆಗೆ ಬಟ್ಟಲು ಬುಳಕ್ ಎಂದು ಮುಳುಗಿದರೆ ಒಂದು ಗಳಿಗೆ, ಅಂದರೆ ನಮ್ಮ ಇಪ್ಪತ್ತನಾಲ್ಕು ನಿಮಿಷ. ಅಂಥವು ಅರವತ್ತು ಸೇರಿದರೆ ಒಂದು ಹಗಲು, ಒಂದು ರಾತ್ರಿ. ಪಕ್ಕದಲ್ಲೊಬ್ಬ ಕೂತಿರುತ್ತಿದ್ದ. ಮುಳುಗಿದ ಬಟ್ಟಲನ್ನು ತೆಗೆದು, ಜಾಗಟೆ ಬಾರಿಸಿ, ಮತ್ತೆ ತೇಲಿಬಿಡುವುದು ಅವನ ಉದ್ಯೋಗ.

ಓದಿದವನು ಸುಮ್ಮನಿರಬಹುದಿತ್ತು. ನಾನು ಅಂಗಡಿಗೆ ಹೋಗಿ ಇದ್ದುದರಲ್ಲೇ ಸಣ್ಣ ಡ್ರಿಲ್ ಬಿಟ್ ತಂದೆ. ಮೊದಲ ಬಟ್ಟಲು ಮೊಟ್ಟೆ ಬೇಯುವುದಕ್ಕೂ ಸಾಲದಷ್ಟು ಬೇಗ ಮುಳುಗಿತು. ಎರಡನೆಯದನ್ನು ಬೆಳಿಗ್ಗೆ ಸ್ನಾನದ ತೊಟ್ಟಿಯಲ್ಲಿ ತೇಲಿಬಿಟ್ಟು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿರುವ ಆಫೀಸಿಗೆ ಹೋಗಿ, ಕೆಲಸ ಮುಗಿಸಿ ಬಂದರೆ ಇನ್ನೂ ಹಾಯಾಗಿ ತೇಲುತ್ತಿತ್ತು. ನನ್ನ ಹೆಂಡತಿ ವೀಣಾ ಧಾರವಾಡದವಳು, ಮಾತನ್ನು ಒಳಗಿಟ್ಟುಕೊಳ್ಳುವ ಅಭ್ಯಾಸ ಅವಳಿಗಿಲ್ಲ.

"ಅಲ್ರೀ, ಕೈಯಾಗ ಫೋನ್ ಐತಿ, ಗ್ವಾಡಿ ಮ್ಯಾಲೆ ಗಡಿಯಾರ ಐತಿ, ಒಲಿ ಮ್ಯಾಲೂ ಗಡಿಯಾರ ಐತಿ. ನಿಮಗ ಇನ್ನೂ ಎಷ್ಟು ಟೈಮ್ ಬೇಕ್ರೀ?" ಎಂದಳು.

ಆಸ್ಟಿನ್ನಿನಲ್ಲಿ ಓದುವ ಮಗಳಿಗೆ ಫೋಟೋ ಕಳಿಸಿದೆ. "ಅಪ್ಪಾ, ದಿಸ್ ಈಸ್ ಸೋ ಯೂ" ಎಂದು ಉತ್ತರ ಬಂತು. ಅದು ಹೊಗಳಿಕೆಯೋ ಅಲ್ಲವೋ ಇನ್ನೂ ತಿಳಿದಿಲ್ಲ. ಅಂತೂ ಏಳನೆಯ ಬಟ್ಟಲು ಸರಿಯಾಗಿ ಇಪ್ಪತ್ತನಾಲ್ಕು ನಿಮಿಷಕ್ಕೆ ಮುಳುಗಿದಾಗ ನಾನು ಬಚ್ಚಲಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ಈ ಬಟ್ಟಲನ್ನು ಗೌರವದಿಂದ ನೋಡಿದವರು ಒಬ್ಬರೇ, ಜಾನಕಮ್ಮನವರು. ಎರಡು ಬೀದಿಯಾಚೆ ಬಾಡಿಗೆಗಿರುವ ನಮ್ಮ ಸ್ನೇಹಿತರು ಗಿರೀಶ ಮತ್ತು ರಶ್ಮಿ. ರಶ್ಮಿಯ ತಾಯಿ ಇವರು, ಮೈಸೂರಿನಿಂದ ಬಂದವರು. ಮಗಳು ಅಳಿಯ ಹತ್ತಿರದ ಊರು ಪ್ರಾಸ್ಪರಿನಲ್ಲಿ ಕಟ್ಟಿಸುತ್ತಿದ್ದ ಹೊಸ ಮನೆಯ ಗೃಹಪ್ರವೇಶ ನೋಡಿಕೊಂಡು ಹೋಗಬೇಕೆಂದು ಅವರ ಆಸೆ. ಮನೆ ಮುಗಿಯುವುದು ತಡವಾಗಿ ಒಮ್ಮೆ ಟಿಕೆಟ್ ಮುಂದಕ್ಕೆ ಹಾಕಿಸಿದ್ದರು. ಇನ್ನು ಮುಂದೂಡುವಂತಿರಲಿಲ್ಲ, ವೀಸಾ ಕೊಟ್ಟ ಆರು ತಿಂಗಳು ಮುಗಿಯುತ್ತಿತ್ತು. ಕೊನೆಗೆ ನವೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಗೃಹಪ್ರವೇಶ, ಅದೇ ದಿನ ಸಂಜೆ ಅವರ ವಿಮಾನ ಎಂದಾಯಿತು.

"ಈ ದೇಶಕ್ಕೆ ಬಂದ್ಮೇಲೆ ಇವಳು ಆರು ಮನೆ ಬದಲಾಯಿಸಿದ್ದಾಳಪ್ಪ ಶ್ರೀಧರ. ಒಂದಕ್ಕೂ ನಾನಿರಲಿಲ್ಲ. ಇದೊಂದಕ್ಕೆ ಒಳ್ಳೆ ಗಳಿಗೇಲಿ ಬಲಗಾಲಿಟ್ಟು ಒಳಗೆ ಹೋಗೋದನ್ನ ಕಣ್ತುಂಬ ನೋಡ್ಬಿಟ್ರೆ ನನಗಿನ್ನೇನೂ ಬೇಡ" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದರು.

ಮುಹೂರ್ತ ಇಟ್ಟುಕೊಟ್ಟವರು ಹ್ಯೂಸ್ಟನ್ನಿನ ಶಾಸ್ತ್ರಿಗಳು. ಅವರು ಹಳೆಯ ಪದ್ಧತಿಯವರು. ಫೋನಿನಲ್ಲಿ, "ಸೂರ್ಯೋದಯದಿಂದ ಐದು ಗಳಿಗೆ ಕಳೆದ ಮೇಲೆ, ಆರನೇ ಗಳಿಗೆ ಮುಗಿಯೋದ್ರೊಳಗೆ ಹೊಸಿಲು ದಾಟಬೇಕು. ಆಮೇಲೆ ಬೇಡ" ಎಂದಷ್ಟೇ ಹೇಳಿದರು. ಗಿರೀಶ ಕಣ್ಣು ಕಣ್ಣು ಬಿಟ್ಟ. ಗಳಿಗೆಯ ವಿಷಯದಲ್ಲಿ ಇಡೀ ಉತ್ತರ ಟೆಕ್ಸಾಸಿಗೆ ನನ್ನನ್ನು ಬಿಟ್ಟರೆ ಪಂಡಿತರಿಲ್ಲ ಎಂಬ ಠೀವಿಯಲ್ಲಿ ನಾನು ಮುಂದೆ ಬಂದೆ. ಗುರುವಾರ ಫೋನಿನಲ್ಲಿ ಸೂರ್ಯೋದಯ ನೋಡಿದೆ: ಏಳು ನಲವತ್ತೆಂಟು. ಐದು ಗಳಿಗೆಗೆ ಎರಡು ಗಂಟೆ. ಮುಹೂರ್ತ ಒಂಬತ್ತು ನಲವತ್ತೆಂಟಕ್ಕೆ ಶುರು ಎಂದು ವಾಟ್ಸಾಪಿನಲ್ಲಿ ಎಲ್ಲರಿಗೂ ಹಾಕಿದೆ, ಶಾಸ್ತ್ರಿಗಳಿಗೂ ಕಳಿಸಿದೆ. ಶನಿವಾರ ಸಂಜೆ ಅದೇ ಗುಂಪಿಗೆ ಇನ್ನೊಂದು ಸಂದೇಶವನ್ನೂ ಹಾಕಿದೆ: ಇವತ್ತು ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ನಾಳೆಯಿಂದ ಊರಿಗೆ ಫೋನ್ ಮಾಡುವಾಗ ಹತ್ತೂವರೆ ಅಲ್ಲ, ಹನ್ನೊಂದೂವರೆ ಗಂಟೆ ವ್ಯತ್ಯಾಸ, ನೆನಪಿರಲಿ. ಚಳಿಗಾಲಕ್ಕೆ ಮುಂಚೆ ಒಂದು ರಾತ್ರಿ ಗಡಿಯಾರಗಳನ್ನು ಹೀಗೆ ಹಿಂದಕ್ಕೆ ತಿರುಗಿಸುವುದು ಅಮೆರಿಕದ ಪದ್ಧತಿ. ಇಲ್ಲಿಯ ಕನ್ನಡಿಗರಿಗೆ ಗಡಿಯಾರ ಬದಲಾಯಿತೆಂದರೆ ನೆನಪಾಗುವುದು ಊರಿನ ಫೋನ್ ಒಂದೇ. ಎರಡು ಸಂದೇಶಗಳನ್ನೂ ಹಾಕಿದವನು ನಾನು. ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ. ಸಾಫ್ಟ್‌ವೇರಿನಲ್ಲಿ ಇಂಥ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಭಾನುವಾರ ಬೆಳಗಾಗುವ ಮುಂಚೆ ಜಾನಕಮ್ಮನವರನ್ನು ನನ್ನ ಕಾರಿನಲ್ಲಿ ಪ್ರಾಸ್ಪರಿಗೆ ಕರೆದುಕೊಂಡು ಹೋದೆ. ಅವರಿಗೆ ಬಾಗಿಲ ಮುಂದೆ ರಂಗೋಲಿ ಹಾಕುವ ಆತುರ, ನನಗೆ ಬಟ್ಟಲು ತೇಲಿಬಿಡುವ ಆತುರ. ಊರಿನಿಂದ ತಂದ, ಕೀಲಿ ಕೊಡುವ ಅಲಾರಮ್ಮಿಗೆ ಎದ್ದಿದ್ದೆ. ಒಂದು ಬೆಳಗಾದರೂ ಮಧ್ಯಯುಗದವನ ಹಾಗೆ ಬದುಕೋಣವೆಂದು ಫೋನನ್ನು ಕಾರಿನಲ್ಲೇ ಬಿಟ್ಟೆ. ಮನೆಯೊಳಗೆ ಇನ್ನೂ ಕಾಲಿಡುವಂತಿರಲಿಲ್ಲವಾದ್ದರಿಂದ ಗರಾಜೇ ನಮ್ಮ ಮಂಟಪ. ಹೋಮವನ್ನೂ ಅಲ್ಲೇ ಇಟ್ಟುಕೊಂಡಿದ್ದೆವು. ಒಳಗೆ ಹೋಮ ಮಾಡಿದರೆ ಹೊಗೆಯ ಅಲಾರಂ ಕೂಗಿ, ಪೂರ್ಣಾಹುತಿಗೆ ಅಗ್ನಿಶಾಮಕದವರೇ ಬಂದುಬಿಡುತ್ತಾರೆ.

ಬಡಾವಣೆಯಲ್ಲಿ ಒಂದು ಮರವಿಲ್ಲ. ಅರ್ಧ ಕಟ್ಟಿದ ಎರಡು ಮನೆಗಳ ಮರದ ಚೌಕಟ್ಟಿನ ನಡುವೆ ಸೂರ್ಯ ಮೇಲೆ ಬಂದ. ಜಾನಕಮ್ಮ ಕೈಮುಗಿದರು, ನಾನು ಬಟ್ಟಲು ಬಿಟ್ಟೆ. ಒಂದೊಂದು ಸಲ ಮುಳುಗಿದಾಗಲೂ ನೆಲದ ಮೇಲೆ ಒಂದು ಅಡಿಕೆ ಇಡುವುದೆಂದು ಗೊತ್ತು ಮಾಡಿಕೊಂಡೆವು. ಗಾಳಿ ಜೋರಾಗಿದ್ದರಿಂದ ಅವರು ಮಡಚುವ ಕುರ್ಚಿಯನ್ನು ಪಾತ್ರೆಯ ಪಕ್ಕಕ್ಕೆ ಎಳೆದುಕೊಂಡು ಸೆರಗನ್ನು ಅಡ್ಡ ಹಿಡಿದು ಕೂತರು. ಹೊತ್ತು ಹೋಗಲೆಂದು ನಾನು ಒಂದು ಹಳೆಯ ಕಥೆ ಹೇಳಿದೆ. ಗಣಿತ ಪಂಡಿತನೊಬ್ಬ ಮಗಳ ಮದುವೆಗೆ ಇಂಥದೇ ಬಟ್ಟಲು ಇಟ್ಟಿದ್ದನಂತೆ. ಬಗ್ಗಿ ನೋಡಿದ ಹುಡುಗಿಯ ಒಡವೆಯಿಂದ ಮುತ್ತೊಂದು ಬಿದ್ದು ತೂತು ಮುಚ್ಚಿತಂತೆ. ಬಟ್ಟಲು ಮುಳುಗಲೇ ಇಲ್ಲ, ಮುಹೂರ್ತ ಮೀರಿಹೋಯಿತಂತೆ.

"ಅಪ್ಪ ಲೆಕ್ಕದಲ್ಲಿ ಮುಳುಗಿದ್ದ ಸರಿ. ಪಕ್ಕದಲ್ಲಿ ಅಮ್ಮ ಇರಲಿಲ್ವಾ?" ಎಂದರು ಜಾನಕಮ್ಮ.

ಈ ಪ್ರಶ್ನೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ನೆಲದ ಮೇಲೆ ನಾಲ್ಕು ಅಡಿಕೆ ಆಯಿತು. ಐದನೆಯ ಸಲ ಬಿಟ್ಟ ಬಟ್ಟಲು ಅರ್ಧ ತುಂಬಿತು. ರಸ್ತೆಯಲ್ಲಿ ಒಂದು ಕಾರಿಲ್ಲ. ಮನೆಯ ಯಜಮಾನರಿಲ್ಲ, ಪುರೋಹಿತರಿಲ್ಲ, ಹಾಲಿಲ್ಲ. ನನಗೆ ಕಸಿವಿಸಿಯಾಗಿ ಮಧ್ಯಯುಗವನ್ನು ಅಲ್ಲೇ ಬಿಟ್ಟು ಕಾರಿನಿಂದ ಫೋನ್ ತಂದೆ. ಎಂಟು ಮೂವತ್ತಾರು ಎಂದಿತು.

"ಅಮ್ಮಾ, ಬಟ್ಟಲು ಕೈಕೊಟ್ಟಿದೆ. ಇನ್ನೂ ಎಂಟು ಮೂವತ್ತಾರು. ತೂತು ದೊಡ್ಡದಾಗಿರಬೇಕು, ಒಂದು ಗಂಟೆ ಮುಂದೆ ಓಡಿದೆ" ಎಂದೆ. ಏಳು ಬಟ್ಟಲು ಹಾಳು ಮಾಡಿ ವಾರಗಟ್ಟಲೆ ಮೆರೆದವನು ಫೋನ್ ಕಂಡ ಕೂಡಲೇ ಪಕ್ಷಾಂತರ ಮಾಡಿಬಿಟ್ಟೆ.

ಜಾನಕಮ್ಮ ಅಲುಗಾಡಲಿಲ್ಲ. "ಸೂರ್ಯ ಹುಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಆಗಿಂದ ಇಲ್ಲೇ ಕೂತಿದೀನಿ. ಬಟ್ಟಲು ಸರಿಯಾಗಿದೆ. ನಿನ್ನ ಫೋನನ್ನ ಇನ್ನೊಂದು ಸಲ ಕೇಳು."

ಕೇಳಿದೆ. ಗುಂಪಿನ ಕೊನೆಯ ಸಂದೇಶ ನನ್ನದೇ: ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ನೆನಪಿರಲಿ. ನನ್ನ ಕೀಲಿ ಅಲಾರಂ ಒಂದನ್ನು ಬಿಟ್ಟು ಗಡಿಯಾರಗಳೆಲ್ಲ ಹಿಂದಕ್ಕೆ ಹೋಗಿದ್ದವು, ಸೂರ್ಯ ಹೋಗಿರಲಿಲ್ಲ. ಹೊಸ ಲೆಕ್ಕದಲ್ಲಿ ಸೂರ್ಯೋದಯ ಆರು ನಲವತ್ತೆಂಟಕ್ಕೇ ಆಗಿಹೋಗಿತ್ತು. ಮುಹೂರ್ತ ಎಂಟು ನಲವತ್ತೆಂಟರಿಂದ ಒಂಬತ್ತು ಹನ್ನೆರಡರವರೆಗೆ. ನಾನು ಬರೆದ ಹೊತ್ತಿಗೆ ಎಲ್ಲರೂ ಬಂದರೆ ಆ ಗಳಿಗೆ ಮುಗಿದು ಅರ್ಧ ಗಂಟೆಯ ಮೇಲಾಗಿರುತ್ತದೆ. ಸಂಜೆ ಜಾನಕಮ್ಮ ಊರಿಗೆ ಹೊರಡುತ್ತಾರೆ. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಗಿರೀಶ ಫೋನ್ ಎತ್ತಲಿಲ್ಲ. ರಶ್ಮಿಯೂ ಎತ್ತಲಿಲ್ಲ. ಒಂದು ಗಂಟೆ ಹೆಚ್ಚಿಗೆ ಸಿಕ್ಕ ನಿದ್ದೆಯನ್ನು ಇಬ್ಬರೂ ಮನಸಾರೆ ಅನುಭವಿಸುತ್ತಿದ್ದರು. ವೀಣಾ ಎತ್ತಿದಳು.

"ಏನ್ರೀ, ಸೀರಿ ಉಡಾಕತ್ತೀನಿ."

"ಉಟ್ಟಷ್ಟು ಸಾಕು, ಓಡು! ಗಿರೀಶನ ಮನೆ ಬಾಗಿಲು ಬಡಿ. ನಾನು ಟೈಮ್ ತಪ್ಪು ಹಾಕಿದೀನಿ. ಒಂಬತ್ತು ಹನ್ನೆರಡರ ಒಳಗೆ ಇಲ್ಲಿರಬೇಕು!"

ಬೇರೆ ದಿನವಾಗಿದ್ದರೆ ನಾನು ತಪ್ಪೊಪ್ಪಿಕೊಂಡದ್ದನ್ನು ಅವಳು ಹತ್ತು ಸಲ ಹೇಳಿಸಿ ಆನಂದಪಡುತ್ತಿದ್ದಳು. ಅವತ್ತು ಒಂದು ಮಾತಾಡದೆ ಓಡಿದಳು. ಶಾಸ್ತ್ರಿಗಳು ಹಿಂದಿನ ದಿನವೇ ಹ್ಯೂಸ್ಟನ್ನಿನಿಂದ ಬಂದು ಫಾರ್ಮರ್ಸ್ ಬ್ರಾಂಚಿನಲ್ಲಿ ಶಿಷ್ಯರೊಬ್ಬರ ಮನೆಯಲ್ಲಿ ತಂಗಿದ್ದರು. ಅವರಿಗೆ ಫೋನ್ ಮಾಡಿದರೆ, "ನಾನು ಕೊಟ್ಟಿದ್ದು ಗಳಿಗೆ ಲೆಕ್ಕ ಸ್ವಾಮೀ. ಅದನ್ನ ಗಂಟೆ ಮಾಡಿದ್ದು ನೀವು" ಎಂದು ಸರಿಯಾಗಿ ಕುಟುಕಿದರು. ಆಮೇಲೆ ದಯೆ ಬಂದು, "ಹೊಸಿಲು ದಾಟೋದು ಮುಖ್ಯ. ದೀಪ ಹಿಡ್ಕೊಂಡು ಒಳಗೆ ಹೋಗ್ಲಿ, ಹೋಮ ಆಮೇಲಾಗುತ್ತೆ. ಸ್ಪೀಕರ್ ಹಾಕಿಡಿ, ದಾರೀಲೇ ಮಂತ್ರ ಹೇಳ್ತಾ ಬರ್ತೀನಿ" ಎಂದರು. ಫೋನನ್ನು ಗರಾಜಿನ ಕಪಾಟಿನ ಮೇಲೆ, ಪೇಂಟ್ ಡಬ್ಬಿಗೆ ಒರಗಿಸಿ ಇಟ್ಟೆ. ಹೆದ್ದಾರಿಯ ಸದ್ದಿನ ನಡುವೆ ಗಣಪತಿ ಪ್ರಾರ್ಥನೆ ಶುರುವಾಯಿತು.

ಐದನೆಯ ಅಡಿಕೆ ಕೂತಿತು. ಆರನೆಯ ಸಲ ಬಟ್ಟಲು ತೇಲಿತು. ನಾನು ರಸ್ತೆಯ ತುದಿಗೂ ಗರಾಜಿಗೂ ಓಡಾಡಿ ರಂಗೋಲಿಯ ಒಂದು ಮೂಲೆ ತುಳಿದೆ. ಜಾನಕಮ್ಮ ಮಾತ್ರ ಸೆರಗು ಅಡ್ಡ ಹಿಡಿದು ಕದಲದೆ ಕೂತಿದ್ದರು. ವೀಣಾಳಿಂದ ಒಂದೊಂದು ಸಾಲಿನ ಸಂದೇಶಗಳು ಬರುತ್ತಿದ್ದವು, ನಾನು ಗಟ್ಟಿಯಾಗಿ ಓದುತ್ತಿದ್ದೆ. ಹೊರಟೆವು. ಸಿಗ್ನಲ್. ಆಮೇಲೆ, ರೈಲ್ವೆ ಗೇಟ್ ಹಾಕ್ಯಾರ್ರೀ, ಗೂಡ್ಸ್ ಗಾಡಿ, ತುದೀನ ಕಾಣವಲ್ದು. ಟೆಕ್ಸಾಸಿನ ಗೂಡ್ಸ್ ರೈಲು ನೋಡಿದವರಿಗೆ ನನ್ನ ಆ ಹೊತ್ತಿನ ಸಂಕಟವನ್ನು ವಿವರಿಸಬೇಕಾಗಿಲ್ಲ. ಮುಕ್ಕಾಲು ತುಂಬಿದ ಬಟ್ಟಲು ನೋಡುತ್ತ ನನಗೆ ತಿಳಿದ ದೇವರಿಗೆಲ್ಲ ಹರಕೆ ಹೊತ್ತೆ.

ಕೊನೆಗೂ ಕಾರು ತಿರುವಿನಲ್ಲಿ ಕಾಣಿಸಿತು. ಗಿರೀಶ ರೇಷ್ಮೆ ಪಂಚೆಗೆ ಓಟದ ಶೂ ಹಾಕಿದ್ದ. ರಶ್ಮಿಯ ಒದ್ದೆ ತಲೆಗೆ ಟವೆಲ್ ಸುತ್ತಿತ್ತು. ವೀಣಾ ಹಾಲಿನ ಪಾತ್ರೆಯನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದಳು.

"ಇನ್ನೂ ಇದೆ, ಇನ್ನೂ ಇದೆ! ಓಡೇ ರಶ್ಮಿ!" ಜಾನಕಮ್ಮ ಕೂತಲ್ಲಿಂದಲೇ ಕೂಗಿದರು.

ವೀಣಾ ದೀಪ ಹಚ್ಚಿದಳು. ಗಾಳಿಗೆ ಆರಿತು. ಮತ್ತೆ ಹಚ್ಚಿದಳು. ಶೂ ಬಿಚ್ಚಲು ಹೋದ ಗಿರೀಶ ಒಂಟಿ ಕಾಲಲ್ಲಿ ಕುಣಿದ. ಕಪಾಟಿನ ಮೇಲೆ ಶಾಸ್ತ್ರಿಗಳ ಸ್ವರ ಏರಿತು. ರಶ್ಮಿ ಟವೆಲ್ ಕಿತ್ತೆಸೆದು, ದೀಪ ಹಿಡಿದು, ಗಂಡನ ಕೈಹಿಡಿದು ಬಲಗಾಲನ್ನು ಹೊಸಿಲಿನಾಚೆ ಇಟ್ಟಳು. ಎಡಗಾಲೂ ಒಳಗೆ ಹೋಯಿತು. ಆಗ ನನ್ನ ಹಿಂದಿನಿಂದ ಸದ್ದು ಬಂತು, ಬುಳಕ್. ತಿರುಗಿ ನೋಡಿದರೆ ಜಾನಕಮ್ಮ ಒದ್ದೆ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತ, ಬಾಯ್ತುಂಬ ನಗುತ್ತ, ಆರನೆಯ ಅಡಿಕೆ ಇಡುತ್ತಿದ್ದರು. ನನಗೂ ಕಣ್ಣು ತುಂಬಿತು. ಅಷ್ಟು ಸಂತೋಷ ನನಗೆ ನನ್ನ ಸ್ವಂತ ಗೃಹಪ್ರವೇಶದಲ್ಲೂ ಆಗಿರಲಿಲ್ಲ.

ಆಮೇಲೆ ಹಾಲು ಉಕ್ಕಿತು, ಶಾಸ್ತ್ರಿಗಳು ಬಂದರು, ಹೋಮವಾಯಿತು. ಕನ್ನಡದವರ ಸಮಾರಂಭದಲ್ಲಿ ಎಂದೂ ಆಗದ ಹಾಗೆ, ಅವತ್ತು ಅತಿಥಿಗಳೆಲ್ಲ ನಾನು ವಾಟ್ಸಾಪಿನಲ್ಲಿ ಹಾಕಿದ್ದ ಹೊತ್ತಿಗೆ ಸರಿಯಾಗಿ ಬಂದರು. ಬಂದವರಿಗೆಲ್ಲ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿ, ಉಪ್ಪಿಟ್ಟಿನ ಕಡೆ ಕೈತೋರಿಸುವುದು ನನ್ನ ಪಾಲಿನ ಪ್ರಾಯಶ್ಚಿತ್ತ.

ಆದರೆ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಕೂತಿತ್ತು. ಬಟ್ಟಲು ಮುಳುಗಿದಾಗ ನಾನು ಫೋನ್ ನೋಡಿದ್ದೆ. ಒಂಬತ್ತು ಹದಿನೈದು. ಗಳಿಗೆ ಮುಗಿಯಬೇಕಾದದ್ದು ಹನ್ನೆರಡಕ್ಕೆ. ಹಿಂದಿನ ಐದೂ ಸಲ ಸರಿಯಾಗಿದ್ದ ಬಟ್ಟಲು ಆರನೆಯ ಸಲ ಯಾಕೆ ತಡಮಾಡಿತು? ನೀರು ತಣ್ಣಗಾಗಿತ್ತೇ? ತೂತಿಗೆ ರಂಗೋಲಿ ಪುಡಿ ಸಿಕ್ಕಿತೇ? ಏನಾದರಾಗಲಿ, ಮುಹೂರ್ತ ಮೀರಿ ಮೂರು ನಿಮಿಷಕ್ಕೆ ಅವರು ಒಳಗೆ ಹೋಗಿದ್ದರು, ಅದು ಗೊತ್ತಿದ್ದವನು ನಾನೊಬ್ಬನೇ. ಹೇಳದಿದ್ದರೆ ಮೋಸ, ಹೇಳಿದರೆ ಒಬ್ಬ ತಾಯಿಯ ಸಂತೋಷಕ್ಕೆ ಕಲ್ಲು. ದಿನವಿಡೀ ಹೋಳಿಗೆಯೂ ರುಚಿಸಲಿಲ್ಲ.

ಸಂಜೆ ವಿಮಾನ ನಿಲ್ದಾಣದಲ್ಲಿ ಗಿರೀಶ, ರಶ್ಮಿ ಪೆಟ್ಟಿಗೆ ತೂಗಿಸಲು ಸಾಲಿನಲ್ಲಿ ನಿಂತಿದ್ದರು. ಕುರ್ಚಿಯಲ್ಲಿ ಜಾನಕಮ್ಮ, ಪಕ್ಕದಲ್ಲಿ ನಾನು. ತಡೆಯಲಾಗಲಿಲ್ಲ.

"ಅಮ್ಮಾ, ನಿಮಗೊಂದು ನಿಜ ಹೇಳ್ಬೇಕು. ಬಟ್ಟಲು ಮುಳುಗಿದ್ದು ಮೂರು ನಿಮಿಷ ತಡವಾಗಿ. ಗಳಿಗೆ ಆಗಲೇ ಮುಗಿದಿತ್ತು. ತಣ್ಣೀರಿಗೆ ಹಾಗಾಗಿರ್ಬೇಕು. ನನ್ನದೇ ತಪ್ಪು."

ಅವರು ನನ್ನನ್ನೊಮ್ಮೆ, ಸಾಲಿನಲ್ಲಿದ್ದ ಮಗಳನ್ನೊಮ್ಮೆ ನೋಡಿದರು. ಆಮೇಲೆ ಬಲಗೈಯ ತೋರುಬೆರಳನ್ನು ನನ್ನ ಮುಖದ ಮುಂದೆ ಹಿಡಿದರು.

"ತಣ್ಣೀರೂ ಅಲ್ಲ, ಬಿಸಿನೀರೂ ಅಲ್ಲ ಕಣಪ್ಪ. ಸೆರಗಿನ ಕೆಳಗೆ, ಬಟ್ಟಲಿನ ಅಡಿಯಲ್ಲಿ ಇದಿತ್ತು. ಮರಗಟ್ಟಿಹೋಯ್ತು, ಆದ್ರೂ ತೆಗೀಲಿಲ್ಲ."

"ಅಮ್ಮಾ!"

"ಏನು ಅಮ್ಮಾ? ನಿನ್ನೆ ರಾತ್ರಿ ಈ ದೇಶಕ್ಕೆ ದೇಶವೇ ಹೊತ್ತನ್ನ ಒಂದು ಗಂಟೆ ಹಿಂದಕ್ಕೆ ತಳ್ತು, ಯಾಕೆ ಅಂತ ನೀವ್ಯಾರಾದ್ರೂ ಕೇಳಿದ್ರಾ? ನನ್ನ ಮಗಳು ರೈಲ್ವೆ ಗೇಟಿನ ಹತ್ರ ನಿಂತಿದ್ಲು. ನಾನು ಮೂರು ನಿಮಿಷ ಹಿಡಿದೆ, ಅಷ್ಟೇ."